ತಂಪು ನಾಡಿನ ಗಾಜುಮನೆಯಲ್ಲಿ ಬದನೆ: ಹೂ ಬಂದರೂ ಕಾಯಿ ಯಾಕೆ ಕೈಗೆ ಸಿಗುವುದಿಲ್ಲ?

ಪ್ರಶ್ನೆ: ನಾವಿರುವುದು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಎಂಟು ಅಡಿಗೆ ಹತ್ತು ಅಡಿಯ ಗಾಜುಮನೆ ಇದೆ, ಹೀಟರ್ ಇಲ್ಲ. ಟೊಮೆಟೊ ಚೆನ್ನಾಗಿಯೇ ಬರುತ್ತದೆ, ಬದನೆ ಮಾತ್ರ ಕೈಕೊಡುತ್ತಿದೆ. ಮಾರ್ಚ್ ಕೊನೆಗೆ ಬೀಜ ಹಾಕಿ, ಮೇ ಮೊದಲ ವಾರ ಪಾತಿಗೆ ನೆಟ್ಟೆ. ಜೂನ್ ಮುಗಿಯುವವರೆಗೂ ಗಿಡ ಇದ್ದಲ್ಲೇ ಇತ್ತು. ಜುಲೈಯಲ್ಲಿ ಹೂ ಬಂದವು, ತೊಟ್ಟು ಸಮೇತ ಉದುರಿದವು. ಆಗಸ್ಟ್ ಕೊನೆಗೆ ಕಚ್ಚಿದ ಕಾಯಿಗಳು ನಿಂಬೆ ಗಾತ್ರಕ್ಕೆ ನಿಂತುಬಿಟ್ಟವು. ಎಲೆಯಡಿ ಸಣ್ಣ ಬಲೆಯೂ ಕಾಣಿಸಿತು. ತಪ್ಪಿದ್ದೆಲ್ಲಿ? ಗಿಡದ ತುದಿ ಚಿವುಟಬೇಕೇ? ಕಸಿ ಗಿಡ ಕೊಂಡರೆ ಲಾಭವಿದೆಯೇ? ಹೀಟರ್ ಇಡಲೇಬೇಕೇ? ಗಿಡವನ್ನು ಚಳಿಗಾಲ ದಾಟಿಸಬಹುದೇ?

ಉತ್ತರ: ನೀವು ಕೊಟ್ಟ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ. ಮಾರ್ಚ್ ಕೊನೆಯ ಬಿತ್ತನೆ ಟೊಮೆಟೊಗೆ ಸರಿ, ಬದನೆಗೆ ಆರು ವಾರ ತಡ. ಮೇ ಮೊದಲ ವಾರದ ನಾಟಿಯನ್ನು ಟೊಮೆಟೊ ತಡೆದುಕೊಳ್ಳುತ್ತದೆ, ಬದನೆಗೆ ಅದು ಎರಡು-ಮೂರು ವಾರ ಬೇಗ. ಬಿತ್ತಿದ್ದು ತಡವಾಗಿ, ನೆಟ್ಟಿದ್ದು ಬೇಗನೆ. ನಡುವೆ ಬೆಚ್ಚಗೆ ಕಳೆಯಬೇಕಿದ್ದ ಎಂಟು ವಾರ ನಿಮ್ಮ ಸಸಿಗೆ ಸಿಗಲೇ ಇಲ್ಲ. ಮುಂದೆ ನಡೆದ ಎಲ್ಲವೂ, ಹೂ ಉದುರಿದ್ದರಿಂದ ಹಿಡಿದು ಕಾಯಿ ನಿಂತದ್ದರವರೆಗೆ, ಬಹುಮಟ್ಟಿಗೆ ಅದರ ಪರಿಣಾಮವೇ.

ಟೊಮೆಟೊ ಮತ್ತು ಬದನೆ ಒಂದೇ ಕುಟುಂಬದವು ಎಂಬ ಕಾರಣಕ್ಕೆ ಒಂದೇ ಕ್ಯಾಲೆಂಡರ್ ಹಾಕುವವರು ಬಹಳ. ಚಳಿಯ ವಿಷಯದಲ್ಲಿ ಇವೆರಡಕ್ಕೂ ಹೊಂದಾಣಿಕೆಯೇ ಇಲ್ಲ. ಟೊಮೆಟೊ 12 ಡಿಗ್ರಿ ಸೆಲ್ಸಿಯಸ್‌ನಲ್ಲೂ ನಿಧಾನವಾಗಿ ಚಿಗುರುತ್ತದೆ. ಬದನೆ 15ರ ಕೆಳಗೆ ಬೆಳವಣಿಗೆಯನ್ನು ಬಹುತೇಕ ನಿಲ್ಲಿಸುತ್ತದೆ. 10ರ ಕೆಳಗಿನ ರಾತ್ರಿಗಳು ಸಾಲಾಗಿ ನಾಲ್ಕೈದು ಬಂದರೆ ಎಳೆ ಸಸಿಯ ಬೇರು ನೀರು-ಗೊಬ್ಬರ ಎಳೆಯುವುದನ್ನೇ ಬಿಡುತ್ತದೆ. ಎಲೆ ಮಂಕಾಗಿ, ನರಗಳು ನೇರಳೆಗೆ ತಿರುಗಿ, ಗಿಡ ಸಾಯುವುದೂ ಇಲ್ಲ ಬೆಳೆಯುವುದೂ ಇಲ್ಲ ಎಂಬ ಸ್ಥಿತಿಗೆ ಬರುತ್ತದೆ. ಆಮೇಲೆ ಹವೆ ಬೆಚ್ಚಗಾದರೂ ಅದು ಚೇತರಿಸಿಕೊಳ್ಳಲು ವಾರಗಳು ಬೇಕು. ನಿಮ್ಮ ಗಿಡ ಜೂನ್ ಇಡೀ ಅಲ್ಲಾಡದೆ ನಿಂತದ್ದು ಇದೇ ಕಾರಣಕ್ಕೆ.

ಇನ್ನೊಂದು ಸಾಮಾನ್ಯ ಭ್ರಮೆ ಹಗಲಿನ ಬಿಸಿಯದ್ದು. ಮೇ ತಿಂಗಳ ಬಿಸಿಲಿಗೆ ಗಾಜುಮನೆ ಮಧ್ಯಾಹ್ನ 30 ಡಿಗ್ರಿ ತೋರಿಸುತ್ತದೆ, ನೋಡಿದವರು ಸಾಕು ಅಂದುಕೊಳ್ಳುತ್ತಾರೆ. ಅದೇ ಗಾಜುಮನೆ ಬೆಳಗಿನ ನಾಲ್ಕಕ್ಕೆ ಹೊರಗಿಗಿಂತ ಒಂದೆರಡು ಡಿಗ್ರಿ ಮಾತ್ರ ಬೆಚ್ಚಗಿರುತ್ತದೆ. ಬದನೆಯ ಲೆಕ್ಕ ರಾತ್ರಿಯ ಕನಿಷ್ಠದ ಮೇಲೆ ಮತ್ತು ಬೇರಿನ ಮಟ್ಟದ ಮಣ್ಣಿನ ಮೇಲೆ ನಡೆಯುತ್ತದೆ. ಹಾಗಾಗಿ ಬೇರೆ ಏನು ಕೊಳ್ಳುವ ಮೊದಲು ಎರಡು ಉಪಕರಣ ತನ್ನಿ. ಒಂದು, ಗರಿಷ್ಠ-ಕನಿಷ್ಠ ತೋರಿಸುವ ಥರ್ಮಾಮೀಟರ್. ಅದನ್ನು ಗಿಡದ ಎತ್ತರಕ್ಕೆ, ನೇರ ಬಿಸಿಲು ಬೀಳದಂತೆ ತೂಗುಹಾಕಿ. ಇನ್ನೊಂದು, ಮಣ್ಣಿಗೆ ಚುಚ್ಚುವ ಥರ್ಮಾಮೀಟರ್. 10 ಸೆಂಟಿಮೀಟರ್ ಆಳಕ್ಕೆ ಇಳಿಸಿ ಬೆಳಿಗ್ಗೆ ಏಳರ ಹೊತ್ತಿಗೆ ಓದಿ. ಮಧ್ಯಾಹ್ನದ ಓದು ಇಲ್ಲಿ ಉಪಯೋಗಕ್ಕಿಲ್ಲ.

ಈಗ ಕ್ಯಾಲೆಂಡರನ್ನು ಕೊನೆಯಿಂದ ಹಿಂದಕ್ಕೆ ಎಣಿಸೋಣ. ನಿಮ್ಮ ಅಕ್ಷಾಂಶದಲ್ಲಿ ಜೂನ್ ಕೊನೆಗೆ ಹಗಲು ಹದಿನೇಳೂವರೆ ಗಂಟೆಯ ಹತ್ತಿರ ಇರುತ್ತದೆ, ಸೆಪ್ಟೆಂಬರ್ 22ರ ಸುಮಾರಿಗೆ ಹನ್ನೆರಡಕ್ಕೆ ಇಳಿಯುತ್ತದೆ. ಬಿಸಿಲಿನ ಕೋನವೂ ತಗ್ಗುವುದರಿಂದ ಬೆಳಕಿನ ಒಟ್ಟು ಮೊತ್ತ ಗಂಟೆಗಳ ಲೆಕ್ಕಕ್ಕಿಂತ ಜೋರಾಗಿ ಬೀಳುತ್ತದೆ. ಜುಲೈ ಮೊದಲಲ್ಲಿ ಕಚ್ಚಿದ ಮಿಡಿ ಐದರಿಂದ ಏಳು ವಾರದಲ್ಲಿ ಕೊಯ್ಲಿಗೆ ಬಂದರೆ, ಆಗಸ್ಟ್ ಕೊನೆಗೆ ಕಚ್ಚಿದ್ದು ಅಕ್ಟೋಬರ್‌ವರೆಗೂ ಬಲಿಯುವುದಿಲ್ಲ. ನಿಮ್ಮ ನಿಂಬೆ ಗಾತ್ರದ ಕಾಯಿಗಳ ಕಥೆ ಇಷ್ಟೇ. ಬಿಸಿ ಮಾಡದ ಗಾಜುಮನೆಯಲ್ಲಿ ಬೆಳೆ ಎನ್ನಿಸಿಕೊಳ್ಳುವುದು ಜುಲೈಯಲ್ಲಿ, ತಪ್ಪಿದರೆ ಆಗಸ್ಟ್ ಮೊದಲ ವಾರದೊಳಗೆ ಕಚ್ಚಿದ ಕಾಯಿ ಮಾತ್ರ. ಅದಕ್ಕೆ ಜೂನ್ ಕೊನೆಗೆ ಹೂ ಅರಳಬೇಕು. ಅದಕ್ಕೆ ಮೇ 20-30ರ ನಡುವೆ ನಾಟಿ ಆಗಬೇಕು, ಆಗಲೇ ಸಸಿ 25-30 ಸೆಂಟಿಮೀಟರ್ ಎತ್ತರವಿದ್ದು ಮೊದಲ ಮೊಗ್ಗಿನ ಸುಳಿವು ಕೊಟ್ಟಿರಬೇಕು. ಅಂಥ ಸಸಿ ತಯಾರಾಗಲು 13-14 ವಾರ ಹಿಡಿಯುತ್ತದೆ. ಬಿತ್ತನೆಯ ದಿನ ಫೆಬ್ರವರಿ ಎರಡನೇ-ಮೂರನೇ ವಾರಕ್ಕೆ ಬಂದು ನಿಂತಿತು.

ಫೆಬ್ರವರಿಯಲ್ಲಿ ಬಿತ್ತುವುದೆಂದರೆ ಅಡಿಯಿಂದ ಬಿಸಿ, ಮೇಲಿಂದ ಬೆಳಕು ಎರಡನ್ನೂ ನಾವೇ ಒದಗಿಸಬೇಕು. ಥರ್ಮೋಸ್ಟಾಟ್ ಇರುವ, ಬೀಜ ಮೊಳೆಸುವ ಬಿಸಿಪೆಟ್ಟಿಗೆಯಾದ ಪ್ರಾಪಗೇಟರ್‌ನಲ್ಲಿ ಮಣ್ಣು 25-28 ಡಿಗ್ರಿ ಇದ್ದರೆ ಬೀಜ ಏಳರಿಂದ ಹತ್ತು ದಿನಕ್ಕೆ ಮೊಳೆಯುತ್ತದೆ. 18 ಡಿಗ್ರಿಯಲ್ಲಿ ಮೂರು ವಾರ ಎಳೆದು, ಒಂದು ಇಂದು ಒಂದು ಮುಂದಿನ ವಾರ ಎಂಬಂತೆ ಏಳುತ್ತವೆ, ಅರ್ಧ ಬೀಜ ಕೊಳೆಯುತ್ತದೆ. ಬೀಜ ಬಿತ್ತನೆಗೆಂದೇ ಮಾಡಿದ ನಯವಾದ ಕಾಂಪೋಸ್ಟ್ ತುಂಬಿ, ಬೀಜವನ್ನು ಅರ್ಧದಿಂದ ಒಂದು ಸೆಂಟಿಮೀಟರ್ ಆಳಕ್ಕೆ ಹಾಕಿ, ಮೇಲೆ ತೆಳ್ಳಗೆ ವರ್ಮಿಕ್ಯುಲೈಟ್ (ಹಗುರ ಖನಿಜದ ಚೂರು) ಉದುರಿಸಿ. ಮೊಳಕೆ ಕತ್ತೆತ್ತಿದ ದಿನವೇ ಪ್ರಾಪಗೇಟರ್‌ನ ಮುಚ್ಚಳ ತೆಗೆಯಿರಿ. ಮುಚ್ಚಳದೊಳಗಿನ ಹಬೆಯಲ್ಲಿ ಉಳಿದ ಸಸಿ ಎರಡೇ ದಿನದಲ್ಲಿ ಬುಡ ಕರಗಿ ಮಲಗುತ್ತದೆ. ಈ ಬುಡಕೊಳೆಗೆ ಕಾರಣವಾಗುವ, ಶಿಲೀಂಧ್ರದಂಥ ಸೂಕ್ಷ್ಮಜೀವಿ ಪಿಥಿಯಂಗೆ ಬೇಕಾದದ್ದು ತೇವ ಮತ್ತು ಆಡದ ಗಾಳಿ, ಎರಡೂ ಆ ಮುಚ್ಚಳದಡಿ ಧಾರಾಳವಾಗಿ ಸಿಗುತ್ತವೆ.

ಕಿಟಕಿ ಬೆಳಕೊಂದನ್ನೇ ನಂಬಿದರೆ ಫೆಬ್ರವರಿ ಸಸಿ ಸಣಕಲಾಗಿ ಉದ್ದವಾಗುತ್ತದೆ. ಬಿಳಿ ಎಲ್‌ಇಡಿ ಬೆಳೆದೀಪವನ್ನು ಸಸಿಯಿಂದ 20-30 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ. ದೀಪದ ಸಾಮರ್ಥ್ಯವನ್ನು ಮೈಕ್ರೋಮೋಲ್‌ನಲ್ಲಿ ಕೊಟ್ಟಿದ್ದರೆ ಎಲೆಯ ಮಟ್ಟದಲ್ಲಿ ಚದರ ಮೀಟರಿಗೆ ಸೆಕೆಂಡಿಗೆ 200ರ ಆಸುಪಾಸು ಇರಲಿ. ಮೊದಲ ನಿಜ ಎಲೆ ಬಿಚ್ಚಿದಾಗ 9 ಸೆಂಟಿಮೀಟರ್ ಕುಂಡಕ್ಕೆ, ಕುಂಡದ ತಳದಲ್ಲಿ ಬೇರು ಇಣುಕಿದಾಗ 13 ಸೆಂಟಿಮೀಟರ್ ಕುಂಡಕ್ಕೆ ಬದಲಿಸಿ. ಬೇರು ಸುತ್ತಿಕೊಂಡು ಹಿಡಿದ ಸಸಿ ಸಣ್ಣದರಲ್ಲೇ ಹೂ ಬಿಟ್ಟು ಮುದಿಯಾಗುತ್ತದೆ, ಹಾಗಾಗಿ ಕುಂಡ ಬದಲಿಸುವುದನ್ನು ಒಂದು ವಾರವೂ ಮುಂದೂಡಬೇಡಿ. ಈ ಮೂರು ತಿಂಗಳು ಸಸಿ ಇರುವ ಜಾಗ ಹಗಲು 20-24, ರಾತ್ರಿ 16-18 ಡಿಗ್ರಿ ಇರಬೇಕು. ಅಂದರೆ ಮನೆಯೊಳಗೆ. ಗಾಜುಮನೆಗೆ ಮೇ ಮಧ್ಯದವರೆಗೆ ಕರೆದೊಯ್ಯುವ ಮಾತೇ ಬೇಡ. ದೀಪ, ಪ್ರಾಪಗೇಟರ್ ಎರಡೂ ಇಲ್ಲದಿದ್ದರೆ ಬೀಜದ ಗೋಜಿಗೆ ಹೋಗದೆ ಮೇ ತಿಂಗಳಲ್ಲಿ ಬೆಳೆದ ಸಸಿಯನ್ನೇ ಕೊಳ್ಳುವುದು ಜಾಣತನ. ಮಾರ್ಚ್ ಕೊನೆಯಲ್ಲಿ ಬಿತ್ತುವುದಕ್ಕಿಂತ ಅದು ಎಷ್ಟೋ ಮೇಲು.

ತಳಿಯ ಆಯ್ಕೆ ಇಲ್ಲಿ ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ವಾರಗಳ ಪ್ರಶ್ನೆಯಾಗುತ್ತದೆ. ಬೇಗ ಕಾಯಿ ಕೊಡುವ ಎಫ್1 (ಎರಡು ತಳಿ ಬೆರೆಸಿದ ಮೊದಲ ತಲೆಮಾರಿನ) ಹೈಬ್ರಿಡ್‌ಗಳಾದ ಬೋನಿಕಾ, ಗಲೀನ್, ಮನಿಮೇಕರ್ ತಂಪು ಸೀಮೆಗೆ ಒಗ್ಗಿದವು. ಜಾಗ ಕಡಿಮೆ ಇದ್ದರೆ ಒಫೀಲಿಯಾದಂಥ ಗಿಡ್ಡ ಗಿಡ, ಸಣ್ಣ ಕಾಯಿ ಆರಿಸಿ. ಸಣ್ಣ ಕಾಯಿಯ ತಳಿಗೆ ದೊಡ್ಡ ಲಾಭವೊಂದಿದೆ: ಮಿಡಿ ಕಚ್ಚಿದ್ದರಿಂದ ಕೊಯ್ಲಿನವರೆಗಿನ ಅವಧಿ ಚಿಕ್ಕದು, ಒಂದು ವಾರ ಮೋಡ ಮುಚ್ಚಿದರೆ ಅಷ್ಟು ನಷ್ಟವಿಲ್ಲ. ಹೆಸರುವಾಸಿ ಬ್ಲ್ಯಾಕ್ ಬ್ಯೂಟಿ ಬೀಜ ಎಲ್ಲೆಡೆ ಅಗ್ಗಕ್ಕೆ ಸಿಗುತ್ತದೆ. ಅದು ಬಿಸಿ ಬೇಸಿಗೆಯ ದೇಶದ ದಪ್ಪ ಕಾಯಿಯ ತಳಿ, ನಿಮ್ಮಲ್ಲಿ ಒಂದೆರಡು ಕಾಯಿಗೆ ಮುಗಿಯುತ್ತದೆ. ಉಷ್ಣವಲಯದ ನಾಟಿ ತಳಿಗಳ ಬೀಜ ತಂದು ಹಾಕುವ ಆಸೆ ಇದ್ದರೆ ಒಂದು ಗಿಡಕ್ಕೆ ಸೀಮಿತವಾಗಿರಲಿ. ಅವು ಗಿಡವಾಗಿ ಸೊಗಸಾಗಿ ಬೆಳೆದು, ಹೂವಿಗೆ ಬರುವ ಹೊತ್ತಿಗೆ ಋತು ಮುಗಿಸಿರುತ್ತವೆ.

ಕಸಿ ಗಿಡದ ಬಗ್ಗೆ ಕೇಳಿದ್ದೀರಿ. ತಂಪು ನಾಡಿನಲ್ಲಿ ಹೆಚ್ಚು ಹಣ ಕೊಟ್ಟು ಕೊಳ್ಳಲು ಯೋಗ್ಯವಾದ ವಸ್ತು ಒಂದಿದ್ದರೆ ಅದು ಇದೇ. ಸಾಮಾನ್ಯವಾಗಿ ಬಳಸುವ ಬೇರುಗಿಡ (ಕಸಿಯ ಕೆಳಭಾಗವಾಗಿ ಬೇರು ಕೊಡುವ ಗಿಡ) ಟೊಮೆಟೊ ಮತ್ತು ಅದರ ಕಾಡುಬಂಧು ಸೊಲಾನಮ್ ಹ್ಯಾಬ್ರೊಕೈಟೀಸ್‌ನ ಸಂಕರ. ಮ್ಯಾಕ್ಸಿಫೋರ್ಟ್, ಬ್ಯೂಫೋರ್ಟ್ ಇಂಥವೇ. ಟೊಮೆಟೊ ಬೇರು ತಂಪು ಮಣ್ಣಲ್ಲೂ ಕೆಲಸ ಮಾಡುವುದರಿಂದ ಮೇಲಿನ ಬದನೆಗೆ ಜೂನ್ ತಿಂಗಳು ಪೋಲಾಗುವುದಿಲ್ಲ. ಎರಡನೆಯ ಲಾಭ ವರ್ಟಿಸಿಲಿಯಂ ಸೊರಗು ರೋಗದಿಂದ ರಕ್ಷಣೆ. ಬದನೆ ಈ ಶಿಲೀಂಧ್ರಕ್ಕೆ ಬಹಳ ಬೇಗ ಬಲಿಯಾಗುತ್ತದೆ, ಅದು ಚುರುಕಾಗುವುದು 20-24 ಡಿಗ್ರಿಯ ಮಣ್ಣಲ್ಲಿ, ಟೊಮೆಟೊ-ಆಲೂಗೆಡ್ಡೆ ಬೆಳೆದ ಪಾತಿಯಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಸೊಲಾನಮ್ ಟಾರ್ವಮ್, ಅಂದರೆ ಸುಂಡೆಕಾಯಿ ಗಿಡವನ್ನೂ ಬೇರುಗಿಡವಾಗಿ ಬಳಸುತ್ತಾರೆ. ಅದು ರೋಗಕ್ಕೆ ಗಟ್ಟಿ, ಚಳಿಗೆ ಮೆತ್ತಗೆ, ನಿಮಗೆ ಬೇಡ.

ಮನೆಯಲ್ಲೇ ಕಸಿ ಕಟ್ಟುವುದಾದರೆ ಬದನೆಯನ್ನು ಬೇರುಗಿಡಕ್ಕಿಂತ ಐದಾರು ದಿನ ಮೊದಲೇ ಬಿತ್ತಿ, ಏಕೆಂದರೆ ಟೊಮೆಟೊ ಬೇಗ ದಪ್ಪವಾಗುತ್ತದೆ. ಎರಡರ ಕಾಂಡವೂ ಸುಮಾರು 2 ಮಿಲಿಮೀಟರ್ ದಪ್ಪವಾದಾಗ ಬೇರುಗಿಡವನ್ನು ಬೀಜದಳದ ಕೆಳಗೆ ಓರೆಯಾಗಿ ಕತ್ತರಿಸಿ. ಬೀಜದಳದ ಮೇಲೆ ಕತ್ತರಿಸಿದರೆ ಅಲ್ಲಿಂದ ಟೊಮೆಟೊ ಚಿಗುರು ಬರುತ್ತಲೇ ಇರುತ್ತದೆ. ಅದೇ ಓರೆಯಲ್ಲಿ ಬದನೆಯ ತಲೆ ಕತ್ತರಿಸಿ ಸಿಲಿಕೋನ್ ಕ್ಲಿಪ್‌ನಲ್ಲಿ ಎರಡನ್ನೂ ಜೋಡಿಸಿ, 25 ಡಿಗ್ರಿಯಲ್ಲಿ, ಹಬೆ ಕಟ್ಟಿದ ಮುಚ್ಚಳದೊಳಗೆ ಮೂರು-ನಾಲ್ಕು ದಿನ ಮಬ್ಬು ಬೆಳಕಲ್ಲಿಡಿ. ಬಳಿಕ ದಿನಕ್ಕಿಷ್ಟು ಎಂದು ಮುಚ್ಚಳ ಸರಿಸುತ್ತ ಹತ್ತು ದಿನಕ್ಕೆ ಪೂರ್ತಿ ತೆಗೆಯಿರಿ. ನೆಡುವಾಗ ಬೆಸುಗೆಯ ಜಾಗ ಮಣ್ಣಿನಿಂದ ಎರಡು ಬೆರಳು ಮೇಲಿರಬೇಕು. ಹೂತರೆ ಬದನೆಯ ಕಾಂಡವೇ ಬೇರಿಳಿಸಿ ಕಸಿಯ ಖರ್ಚು ನೀರುಪಾಲು.

ಪಾತಿಯೋ ಕುಂಡವೋ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ನಿಮ್ಮ ಅಕ್ಷಾಂಶದಲ್ಲಿ 10 ಲೀಟರಿನ ಕಪ್ಪು ಕುಂಡವೇ ಮೇಲು. ಪಾತಿಯ ಮಣ್ಣು ಮೇ ತಿಂಗಳಿಡೀ ತಣ್ಣಗಿರುತ್ತದೆ, ಕುಂಡದ ಮಣ್ಣು ಒಂದು ಬಿಸಿಲಿಗೆ ಬೆಚ್ಚಗಾಗುತ್ತದೆ. ಸೊರಗು ರೋಗದ ಭಯವೂ ಇಲ್ಲ. ಕುಂಡವನ್ನು ನೇರ ಕಾಂಕ್ರೀಟಿನ ಮೇಲೆ ಇಡದೆ ಮರದ ಹಲಗೆ ಅಥವಾ ಥರ್ಮೊಕೋಲ್ ಹಾಳೆಯ ಮೇಲಿಡಿ. ಪಾತಿಯಲ್ಲೇ ಬೆಳೆಯಬೇಕೆಂದರೆ ಮಣ್ಣಿನ ಮೇಲೆ ಕಪ್ಪು ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಅಂಟಿಕೊಳ್ಳುವಂತೆ ಮೂರು ವಾರ ಮೊದಲೇ ಹಾಸಿ, ಬೆಳಗಿನ ಓದು 15 ಡಿಗ್ರಿ ದಾಟಿದ ಮೇಲೆ ಹಾಳೆಯಲ್ಲಿ ತೂತು ಮಾಡಿ 50-60 ಸೆಂಟಿಮೀಟರ್ ಅಂತರಕ್ಕೆ ನೆಡಿ. 18 ಡಿಗ್ರಿ ಇದ್ದರೆ ಇನ್ನೂ ಒಳ್ಳೆಯದು. ಮಣ್ಣಿನ ರಸಸಾರ 6ರಿಂದ 6.8.

ರಾತ್ರಿಯ ಚಳಿ ತಡೆಯಲು ಹೀಟರ್ ಬೇಕೇ? ಲೆಕ್ಕ ಹಾಕಿ ನೋಡೋಣ. ನಿಮ್ಮ ಅಳತೆಯ ಗಾಜುಮನೆಗೆ ಸುತ್ತಲೂ ಸುಮಾರು 27 ಚದರ ಮೀಟರ್ ಗಾಜು ಇರುತ್ತದೆ. ಒಂಟಿ ಗಾಜು ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಹತ್ತಿರ ಹತ್ತಿರ 6 ವ್ಯಾಟ್ ಶಾಖ ಬಿಟ್ಟುಕೊಡುತ್ತದೆ. ಒಟ್ಟು 160 ವ್ಯಾಟ್. ಹೊರಗಿಗಿಂತ 5 ಡಿಗ್ರಿ ಬೆಚ್ಚಗಿಡಲು 800 ವ್ಯಾಟ್, ಸಂದಿಗಳಿಂದ ಸೋರುವ ಗಾಳಿ ಸೇರಿದರೆ ಒಂದು ಕಿಲೋವ್ಯಾಟ್. ಮೇ ಕೊನೆಯ ಹತ್ತು ರಾತ್ರಿಗೆ ಇದನ್ನು ಉರಿಸುವುದು ದೊಡ್ಡ ಮಾತಲ್ಲ. ಏಪ್ರಿಲ್‌ನಿಂದ ಉರಿಸಿದರೆ ಕಾಯಿಯ ಬೆಲೆಗಿಂತ ಕರೆಂಟಿನ ಬಿಲ್ಲೇ ಜಾಸ್ತಿ. ಥರ್ಮೋಸ್ಟಾಟ್ 12 ಡಿಗ್ರಿಗೆ ಇಟ್ಟು, ಚಳಿ ರಾತ್ರಿಗಳ ವಿಮೆಯಾಗಿ ಮಾತ್ರ ಬಳಸಿ ಎಂಬುದು ನನ್ನ ಸಲಹೆ. ನೀರು ತುಂಬಿದ ಪೀಪಾಯಿ ಇಟ್ಟರೆ ಸಾಕು ಎಂದು ಹೇಳುವವರಿದ್ದಾರೆ. 200 ಲೀಟರ್ ನೀರು ರಾತ್ರಿ 6 ಡಿಗ್ರಿ ತಣ್ಣಗಾದರೆ ಬಿಡುವ ಶಾಖ 1.4 ಯೂನಿಟ್, ಎಂಟು ಗಂಟೆಗೆ ಹಂಚಿದರೆ 175 ವ್ಯಾಟ್. ಮೇಲಿನ ಲೆಕ್ಕದ ಪ್ರಕಾರ ಒಂದು ಪೀಪಾಯಿಗೆ ಒಂದು ಡಿಗ್ರಿ. ತೆಗೆದುಹಾಕುವ ಹಾಗಿಲ್ಲ, ಪವಾಡವೂ ಇಲ್ಲ. ಆ ನೀರನ್ನೇ ಗಿಡಕ್ಕೆ ಹಾಕಿದರೆ ಇನ್ನೊಂದು ಉಪಯೋಗ: ನಲ್ಲಿಯಿಂದ ಬಂದ 8-10 ಡಿಗ್ರಿಯ ನೀರು ಬೆಚ್ಚಗಿನ ಬೇರಿಗೆ ಬಿದ್ದರೆ ಮಧ್ಯಾಹ್ನದ ಬಿಸಿಲಲ್ಲೇ ಎಲೆ ಜೋಲುತ್ತದೆ.

ಹೀಟರ್‌ಗಿಂತ ಮೊದಲು ಮಾಡಬೇಕಾದದ್ದು ಗಾಜುಮನೆಯೊಳಗೇ ಇನ್ನೊಂದು ಪದರ ಕಟ್ಟುವುದು. ಗಿಡದ ಮೇಲೆ ಬಿದಿರುಕೋಲು ನಿಲ್ಲಿಸಿ ಸಂಜೆ ಗಿಡಕ್ಕೆಂದೇ ಸಿಗುವ ತೆಳು ಫ್ಲೀಸ್ ಬಟ್ಟೆ ಹೊದಿಸಿದರೆ ಒಂದೆರಡು ಡಿಗ್ರಿ ಸಿಗುತ್ತದೆ, ಬೆಳಿಗ್ಗೆ ತೆಗೆಯಲು ಮರೆಯಬಾರದು. ಗಾಜಿನ ಒಳಮೈಗೆ ಬಬಲ್ ರ‍್ಯಾಪ್ ಅಂಟಿಸಿದವರು ಜೂನ್ ಬರುವ ಮೊದಲೇ ಕೀಳಬೇಕು, ಅದು ಬೆಳಕನ್ನೂ ತಿನ್ನುತ್ತದೆ. ಎಲ್ಲಕ್ಕಿಂತ ಅಗ್ಗದ ಬಿಸಿ ಎಂದರೆ ಕಿಟಕಿ ಮುಚ್ಚುವ ಸಮಯ. ಒಳಗೆ 25 ದಾಟಿದಾಗ ತೆರೆಯಿರಿ, ಆದರೆ ಮೇ-ಜೂನ್‌ನಲ್ಲಿ ಸಂಜೆ ನಾಲ್ಕೂವರೆಗೇ ಮುಚ್ಚಿ. ಆರೇಳು ಗಂಟೆಗೆ ಮುಚ್ಚುವವರು ಮಣ್ಣಿಗೆ ಇಳಿಯಬೇಕಿದ್ದ ಶಾಖವನ್ನು ಹೊರಗೆ ಬಿಟ್ಟಿರುತ್ತಾರೆ. ಮೇಣದ ಕೊಳವೆಯಿಂದ ತಾನೇ ತೆರೆದು ಮುಚ್ಚುವ ಯಂತ್ರ ಹಗಲು ಮನೆಯಲ್ಲಿಲ್ಲದವರಿಗೆ ಒಳ್ಳೆಯದು, ಆದರೆ ಅದು ಮುಚ್ಚುವುದು ನಿಧಾನ. ಪಾಲಿಥೀನ್ ಹಾಳೆ ಹೊದಿಸಿದ ಸುರಂಗಮನೆಯಾದ ಪಾಲಿಟನಲ್‌ಗೂ ಇದೇ ಕ್ರಮ. ಅಲ್ಲಿ ರಾತ್ರಿ ಶಾಖ ಇನ್ನೂ ಬೇಗ ಹೋಗುತ್ತದೆ, ತೇವವೂ ಹೆಚ್ಚು ನಿಲ್ಲುತ್ತದೆ. ನಾಟಿಯನ್ನು ಒಂದು ವಾರ ಮುಂದಕ್ಕೆ ಹಾಕಿ.

ಇನ್ನು ಹೂವಿನ ಪ್ರಶ್ನೆ. ಉದುರುವ ಹೂವನ್ನು ಎಸೆಯುವ ಮೊದಲು ಕೈಯಲ್ಲಿ ಹಿಡಿದು ಮಧ್ಯಭಾಗ ನೋಡಿ. ನೇರಳೆ ದಳಗಳ ನಡುವೆ ಹಳದಿ ಪರಾಗಕೋಶಗಳು ಒತ್ತಾಗಿ ನಿಂತಿರುತ್ತವೆ. ಆರೋಗ್ಯವಂತ ಹೂವಿನಲ್ಲಿ ಹಸಿರು ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ಹೆಣ್ಣುಭಾಗದ ತುದಿ, ಆ ಹಳದಿಯ ನಡುವಿನಿಂದ ಒಂದೆರಡು ಮಿಲಿಮೀಟರ್ ಹೊರಗೆ ಚಾಚಿರುತ್ತದೆ, ಹೂ ದಪ್ಪಗಿದ್ದು ತಲೆ ಬಗ್ಗಿಸಿರುತ್ತದೆ, ತೊಟ್ಟು ಗಟ್ಟಿ ಇರುತ್ತದೆ. ಶಲಾಕಾಗ್ರ ಕಾಣದೆ ಹಳದಿಯೊಳಗೇ ಹುದುಗಿದ್ದರೆ ಅದು ಗಿಡ್ಡ ಶಲಾಕೆಯ ಹೂ. ಅದು ಕಾಯಾಗುವುದು ಬಹಳ ಅಪರೂಪ, ನೀವು ಏನೇ ಉಪಚಾರ ಮಾಡಿದರೂ ಅಷ್ಟೇ. ಗಿಡ ಬಡಕಲಾದಾಗ, ಬೆಳಕು ಸಾಲದಾದಾಗ, ಸಾರಜನಕ ಕಡಿಮೆಯಾದಾಗ, ಇಲ್ಲವೇ ಗಿಡದಲ್ಲಿ ಆಗಲೇ ಕಾಯಿ ತುಂಬಿದಾಗ ಇಂಥ ಹೂಗಳೇ ಹೆಚ್ಚುತ್ತವೆ. ಜೂನ್‌ನಲ್ಲಿ ಸೊರಗಿದ ನಿಮ್ಮ ಗಿಡ ಜುಲೈಯಲ್ಲಿ ಬಿಟ್ಟದ್ದು ಇವೇ ಇರಬೇಕು. ಉದುರಿದ ಹೂಗಳೆಲ್ಲ ಗಿಡ್ಡ ಶಲಾಕೆಯವಾದರೆ ಗೊಬ್ಬರ-ಬೆಳಕು-ಬೇರಿನ ಕಡೆ ನೋಡಿ. ಉದ್ದ ಶಲಾಕೆಯ ಹೂವೂ ಉದುರುತ್ತಿದ್ದರೆ ತೊಂದರೆ ಪರಾಗದ್ದು.

ಬದನೆಯ ಪರಾಗಕೋಶ ಸೀಳಿ ತೆರೆಯುವುದಿಲ್ಲ. ತುದಿಯಲ್ಲಿ ಎರಡು ಪುಟ್ಟ ರಂಧ್ರಗಳಿರುತ್ತವೆ, ಉಪ್ಪಿನ ಡಬ್ಬಿಯಂತೆ ಅಲುಗಿಸಿದರೆ ಮಾತ್ರ ಪುಡಿ ಬೀಳುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬರುವುದಿಲ್ಲ. ಹೂವನ್ನು ಕಚ್ಚಿ ಹಿಡಿದು ರೆಕ್ಕೆಯ ಸ್ನಾಯುಗಳನ್ನು ನಡುಗಿಸುವ ಬಂಬಲ್‌ಬೀ ಇದನ್ನು ಸಲೀಸಾಗಿ ಮಾಡುತ್ತದೆ. ನೆದರ್‌ಲ್ಯಾಂಡ್ಸ್, ಬೆಲ್ಜಿಯಂಗಳ ಗಾಜುಮನೆಗಳಲ್ಲಿ 1980ರ ದಶಕದ ಕೊನೆಯಿಂದ ಬಂಬಲ್‌ಬೀ ಗೂಡುಗಳನ್ನು ಪೆಟ್ಟಿಗೆಯಲ್ಲಿ ತಂದಿಡುವುದು ರೂಢಿಯಾದದ್ದು ಇದೇ ಗುಣಕ್ಕೆ. ನಿಮ್ಮ ಪುಟ್ಟ ಮನೆಗೆ ಪೆಟ್ಟಿಗೆ ಬೇಡ, ಬಾಗಿಲು ತೆರೆದಿಟ್ಟರೆ ಹೊರಗಿನವು ಬರುತ್ತವೆ. ಮೋಡದ ವಾರಗಳಲ್ಲಿ ಬಾರದಿದ್ದರೆ ಬ್ಯಾಟರಿ ಟೂತ್‌ಬ್ರಷ್‌ನ ಹಿಂಬದಿಯನ್ನು ಹೂವಿನ ತೊಟ್ಟಿಗೆ ಎರಡು ಸೆಕೆಂಡ್ ತಾಗಿಸಿ. ಸಮಯ ಬೆಳಗಿನ ಹತ್ತರಿಂದ ಮಧ್ಯಾಹ್ನ ಒಂದರೊಳಗೆ, ಒಳಗಿನ ತೇವ ಆರಿದ ಮೇಲೆ. ಹೂ ತೆರೆದಿರುವ ಎರಡು ಮೂರು ದಿನವೂ ಮಾಡಿ. ಹಳದಿ ಧೂಳು ಉದುರುವುದು ಕಣ್ಣಿಗೆ ಕಾಣುತ್ತದೆ. ಕಾಣದಿದ್ದರೆ ಗಾಳಿಯಲ್ಲಿ ತೇವ ಹೆಚ್ಚಾಗಿ ಪರಾಗ ಮುದ್ದೆಯಾಗಿದೆ, ಅಥವಾ ಹಿಂದಿನ ರಾತ್ರಿಗಳು 15ರ ಕೆಳಗಿಳಿದು ಪರಾಗವೇ ಸರಿಯಾಗಿ ಹುಟ್ಟಿಲ್ಲ. 35 ಡಿಗ್ರಿ ದಾಟಿದರೂ ಪರಾಗ ಕೆಡುತ್ತದೆ, ಕಿಟಕಿ ತೆರೆಯಲು ಮರೆತ ಒಂದು ಜುಲೈ ಮಧ್ಯಾಹ್ನ ಸಾಕು. ಪರಾಗ ಅರೆಬರೆ ಬಿದ್ದ ಹೂವಿನಿಂದ ಹುಟ್ಟುವ ಕಾಯಿ ಗಟ್ಟಿಯಾಗಿ, ಹೊಳಪಿಲ್ಲದೆ, ಕಲ್ಲಿನಂತೆ ನಿಲ್ಲುತ್ತದೆ. ಅಂಥದ್ದನ್ನು ಕಾಯದೆ ಕಿತ್ತುಬಿಡಿ.

ತುದಿ ಚಿವುಟುವ ವಿಷಯ. ಗಿಡ 30 ಸೆಂಟಿಮೀಟರ್ ಆದಾಗ ಚಿವುಟಿ ಎಂಬ ಸಲಹೆ ತೋಟಗಾರಿಕೆ ಪುಸ್ತಕಗಳಲ್ಲಿ ಸಾಮಾನ್ಯ. ಬಿಸಿ ಮಾಡಿದ ಮನೆಗೆ ಅದು ಸರಿ. ನಿಮ್ಮಲ್ಲಿ ಚಿವುಟಿದರೆ ಹೂವು ಹತ್ತು ಹದಿನೈದು ದಿನ ಹಿಂದೆ ಬೀಳುತ್ತದೆ, ಆ ದಿನಗಳು ನಿಮ್ಮ ಬಳಿ ಇಲ್ಲ. ಬದನೆ ಮೊದಲ ಹೂವಿನ ಬಳಿ ತಾನಾಗಿಯೇ ಕವಲೊಡೆಯುತ್ತದೆ. ಆ ಎರಡು ಕವಲನ್ನು ಉಳಿಸಿ, ಕೆಳಗಿನ ಕಂಕುಳ ಚಿಗುರುಗಳನ್ನೆಲ್ಲ ತೆಗೆದು, ಒಂದೊಂದು ಕವಲನ್ನು ಒಂದೊಂದು ದಾರಕ್ಕೆ ಸುತ್ತಿ ಮೇಲೆ ಹಬ್ಬಿಸಿ. ಮೊದಲ ಹೂವಿನ ಗತಿ ಗಿಡ ನೋಡಿ ನಿರ್ಧರಿಸಿ: ಗಿಡ ಮೊಣಕಾಲೆತ್ತರವೂ ಇಲ್ಲದೆ ನಿಂತಿದ್ದರೆ ಹೂ ಕೀಳಿ, ಚುರುಕಾಗಿ ಬೆಳೆಯುತ್ತಿದ್ದರೆ ಬಿಡಿ. ಗೊಂಚಲಲ್ಲಿ ಹೂ ಬಂದರೆ ದಪ್ಪನೆಯದೊಂದು ಸಾಕು. ದೊಡ್ಡ ಕಾಯಿಯ ತಳಿಗೆ ಗಿಡಕ್ಕೆ ಐದಾರು ಕಾಯಿ, ಸಣ್ಣದಕ್ಕೆ ಹತ್ತು ಹನ್ನೆರಡು. ಅಷ್ಟು ಕಚ್ಚಿದ ಮೇಲೆ, ಅಥವಾ ಆಗಸ್ಟ್ 10 ಬಂದ ಮೇಲೆ, ಯಾವುದು ಮೊದಲೋ ಆಗ ಎರಡೂ ಕವಲಿನ ತುದಿ ಚಿವುಟಿ, ಹೊಸ ಹೂಗಳನ್ನೆಲ್ಲ ತೆಗೆಯಿರಿ. ಹೂ ಕೀಳಲು ಕೈ ಬರುವುದಿಲ್ಲ, ಆದರೆ ಉಳಿಸಿದರೆ ಬೆಳೆಯುವ ಕಾಯಿಯ ಪಾಲು ಅದಕ್ಕೆ ಹೋಗುತ್ತದೆ.

ಮೊದಲ ಮಿಡಿ ಗೋಲಿ ಗಾತ್ರವಾದಾಗಿನಿಂದ ಪೊಟ್ಯಾಷ್ ಹೆಚ್ಚಿರುವ ಟೊಮೆಟೊ ದ್ರವಗೊಬ್ಬರವನ್ನು ಕುಂಡಕ್ಕೆ ವಾರಕ್ಕೊಮ್ಮೆ, ಪಾತಿಗೆ ಹದಿನೈದು ದಿನಕ್ಕೊಮ್ಮೆ ಕೊಡಿ. ಬದನೆ ಟೊಮೆಟೊಗಿಂತ ಹೆಚ್ಚು ಸಾರಜನಕ ಕೇಳುವ ಗಿಡ. ಹೊಸ ಎಲೆ ಚಿಕ್ಕದಾಗಿ ತಿಳಿಹಸಿರಾದರೆ ಎರಡು ಸಲಕ್ಕೊಮ್ಮೆ ಸಮತೋಲನ ಗೊಬ್ಬರಕ್ಕೆ ಬದಲಿಸಿ. ಕೆಳ ಎಲೆಗಳು ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಷಿಯಂ ಕೊರತೆ, ಲೀಟರಿಗೆ 20 ಗ್ರಾಂ ಎಪ್ಸಮ್ ಉಪ್ಪು ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹಳದಿ ಎಲೆಯ ಒಂದೇ ಬದಿಯಲ್ಲಿದ್ದು ಮಧ್ಯಾಹ್ನ ಅದೇ ಬದಿ ಜೋಲುತ್ತಿದ್ದರೆ ಅದು ಕೊರತೆಯಲ್ಲ, ಸೊರಗು ರೋಗ. ಕಾಂಡವನ್ನು ಓರೆಯಾಗಿ ಕತ್ತರಿಸಿದರೆ ಒಳಗೆ ಕಂದು ಗೆರೆ ಸಿಗುತ್ತದೆ. ಔಷಧಿ ಇಲ್ಲ, ಬೇರು ಸಮೇತ ಕಿತ್ತು ಹೊರಹಾಕಿ.

ಎಲೆಯಡಿಯ ಬಲೆ ಜೇಡನುಸಿಯದ್ದು. ಬಲೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೂ ಮೊದಲು ಎಲೆಯ ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಬಿಳಿಚುಕ್ಕೆಗಳು ಏಳುತ್ತವೆ, ಜೂನ್‌ನಿಂದ ವಾರಕ್ಕೊಮ್ಮೆ ಭೂತಕನ್ನಡಿ ಹಿಡಿದು ಕೆಳ ಎಲೆಗಳನ್ನು ತಿರುಗಿಸಿ ನೋಡಿ. ನುಸಿಗೆ ಬಿಸಿ ಮತ್ತು ಒಣಹವೆ ಇಷ್ಟ, ಹಾಗಾಗಿ ಬಿಸಿಲ ದಿನ ಬೆಳಿಗ್ಗೆ ನೆಲಕ್ಕೆ ನೀರು ಚಿಮುಕಿಸಿ. ಫೈಟೊಸೈಯುಲಸ್ ಪರ್ಸಿಮಿಲಿಸ್ ಎಂಬ ಬೇಟೆನುಸಿಯನ್ನು ಮೊದಲ ಚುಕ್ಕೆ ಕಂಡಾಗಲೇ ಬಿಟ್ಟರೆ ಅದು ಕೆಲಸ ಮಾಡುತ್ತದೆ. ಹಗಲು 20 ಡಿಗ್ರಿ ಇಲ್ಲದ ವಾರದಲ್ಲಿ ಅದನ್ನು ತಂದು ಬಿಟ್ಟರೆ ಹಣ ವ್ಯರ್ಥ. ಕೀಟನಾಶಕ ಸಿಂಪಡಿಸಿದ ಮನೆಯಲ್ಲಿ ಬೇಟೆನುಸಿಯೇ ಮೊದಲು ಸಾಯುತ್ತದೆ, ಎರಡನ್ನೂ ಒಟ್ಟಿಗೆ ಮಾಡಬೇಡಿ. ಬಿಳಿನೊಣಕ್ಕೆ ಎನ್‌ಕಾರ್ಸಿಯಾ ಫಾರ್ಮೋಸಾ ಕಣಜವಿದೆ, ಅದಕ್ಕೂ 18 ಡಿಗ್ರಿಯ ಮೇಲೆ ಬೇಕು. ಗಿಡಹೇನು ಚಿಗುರಲ್ಲಿ ಕಂಡರೆ ಬೆರಳಲ್ಲೇ ಒರೆಸಿ ತೆಗೆಯುವುದು ಇಷ್ಟು ಚಿಕ್ಕ ಮನೆಗೆ ಸಾಕು.

ಆಗಸ್ಟ್ ನಂತರ ಹೆದರಬೇಕಾದದ್ದು ಬೂದು ಬೂಷ್ಟಿಗೆ. ಬಾಡಿದ ದಳಗಳು ಮಿಡಿಯ ತುದಿಗೆ ಒದ್ದೆಯಾಗಿ ಅಂಟಿಕೊಂಡೋ, ತೊಟ್ಟಿನ ಟೊಪ್ಪಿಗೆಯಡಿ ಸಿಕ್ಕಿಕೊಂಡೋ ಅಲ್ಲಿಂದ ಕೊಳೆ ಶುರುವಾಗುತ್ತದೆ. ಕಾಯಿ ಕಚ್ಚಿದ್ದು ಖಾತ್ರಿಯಾದ ಕೂಡಲೇ ಒಣ ದಳವನ್ನು ಎಳೆದು ತೆಗೆಯುವ ಅಭ್ಯಾಸ ಮಾಡಿಕೊಳ್ಳಿ, ಐದು ನಿಮಿಷದ ಕೆಲಸ. ಆಗಸ್ಟ್‌ನಿಂದ ನೀರು ಬೆಳಿಗ್ಗೆ ಮಾತ್ರ, ಎಲೆಗೆ ತಾಗದಂತೆ. ಮೊದಲ ಕಾಯಿಯ ಕೆಳಗಿನ ಎಲೆಗಳನ್ನು ಸವರಿ ಗಾಳಿಗೆ ದಾರಿ ಬಿಡಿ.

ಕೊಯ್ಲಿಗೆ ಗಾತ್ರ ನೋಡಬೇಡಿ, ಹೊಳಪು ನೋಡಿ. ಹೆಬ್ಬೆರಳಲ್ಲಿ ಒತ್ತಿದಾಗ ತಗ್ಗು ಬಿದ್ದು ನಿಧಾನವಾಗಿ ಮೇಲೆದ್ದರೆ ಹದ. ತಗ್ಗೇ ಬೀಳದಿದ್ದರೆ ಎಳೆ, ತಗ್ಗು ಹಾಗೇ ಉಳಿದು ಸಿಪ್ಪೆ ಮಂಕಾಗಿದ್ದರೆ ಬಲಿತು ಬೀಜ ಕಂದಾಗಿದೆ. ತೊಟ್ಟು ಎರಡು ಬೆರಳಷ್ಟು ಉಳಿಸಿ ಕತ್ತರಿಯಿಂದಲೇ ಕತ್ತರಿಸಿ, ತಿರುಚಿದರೆ ಕವಲೇ ಸೀಳುತ್ತದೆ. ಕೊಯ್ದದ್ದನ್ನು ಫ್ರಿಜ್‌ನಲ್ಲಿಟ್ಟರೆ ಸಿಪ್ಪೆಯಲ್ಲಿ ಕಂದು ಗುಳಿಗಳು ಬೀಳುತ್ತವೆ. 10-13 ಡಿಗ್ರಿಯ ತಂಪು ಕೋಣೆ ಸರಿ. ಸೆಪ್ಟೆಂಬರ್‌ನಲ್ಲಿ ರಾತ್ರಿ ಸಾಲಾಗಿ 10ರ ಕೆಳಗೆ ಹೋದಾಗ ಗಿಡದಲ್ಲಿ ಬಿಟ್ಟ ಕಾಯಿ ಬೆಳೆಯುವುದಿಲ್ಲ, ತಿನ್ನುವಷ್ಟಾದದ್ದನ್ನೆಲ್ಲ ಕೊಯ್ದುಬಿಡಿ.

ಚಳಿಗಾಲ ದಾಟಿಸುವ ಪ್ರಶ್ನೆಗೆ: ಬಹುವಾರ್ಷಿಕ ಗಿಡವಾದ್ದರಿಂದ ತಾತ್ವಿಕವಾಗಿ ಸಾಧ್ಯ. ಅದಕ್ಕೆ ನವೆಂಬರ್‌ನಿಂದ ಮಾರ್ಚ್‌ವರೆಗೆ 15 ಡಿಗ್ರಿಯ ಮೇಲಿನ ಜಾಗ ಮತ್ತು ದೀಪ ಎರಡೂ ಬೇಕು, ಜೊತೆಗೆ ಗಿಡದೊಂದಿಗೆ ನುಸಿ, ಬಿಳಿನೊಣ ಕೂಡ ಚಳಿಗಾಲ ಕಳೆಯುತ್ತವೆ. ಅಷ್ಟು ಬಿಸಿ-ಬೆಳಕು ಕೊಡುವ ಶಕ್ತಿ ಇದ್ದರೆ ಅದನ್ನು ಫೆಬ್ರವರಿಯ ಹೊಸ ಸಸಿಗೆ ಕೊಡಿ. ಹಳೆಯ ಗಿಡವನ್ನು ಅಕ್ಟೋಬರ್‌ನಲ್ಲೇ ಕಿತ್ತು, ಗಾಜನ್ನು ಒಳಗೂ ಹೊರಗೂ ತೊಳೆದು, ನುಸಿ ಅಡಗುವ ಚೌಕಟ್ಟಿನ ಸಂದಿ ಮತ್ತು ಬಿದಿರುಕೋಲುಗಳ ಟೊಳ್ಳನ್ನು ಬಿಸಿನೀರಲ್ಲಿ ಉಜ್ಜಿ, ಕಟ್ಟಿದ ದಾರಗಳನ್ನು ಎಸೆದುಬಿಡಿ.